300 ಕೆ.ಜಿ. ಹೊರುವ 9 ಕೆ.ಜಿ. ಬೆಂಚು

ಸುಳ್ಳಿಗೂ ಒಂದು ತೂಕವಿದೆ. 300 ಕೆ.ಜಿ.

ನಂಬಿಕೆ ಬರದಿದ್ದರೆ ಮೊಬೈಲ್ ತೆಗೆದು 'ಫೋಲ್ಡಿಂಗ್ ಜಿಮ್ ಬೆಂಚ್' ಅಂತ ಹುಡುಕಿ. ಮೂರು ಸಾವಿರದ್ದಿರಲಿ, ಆರು ಸಾವಿರದ್ದಿರಲಿ, ಯಾರೂ ಹೆಸರು ಕೇಳಿರದ ಕಂಪನಿಯದ್ದಿರಲಿ, ಹೆಸರೇ ಇಲ್ಲದ ಕಂಪನಿಯದ್ದಿರಲಿ, ಎಲ್ಲವೂ 300 ಕೆ.ಜಿ. ಹೊರುತ್ತವೆ. ಕೆಲವು ಧಾರಾಳಿಗಳು 500 ಎನ್ನುತ್ತಾರೆ. ಬರೆಯುವುದಕ್ಕೆ ಕಬ್ಬಿಣ ಖರ್ಚಾಗುವುದಿಲ್ಲವಲ್ಲ.

ಅದೇ ಪುಟದಲ್ಲಿ ಕೆಳಗೆ ಹೋಗಿ. ಬಣ್ಣ: ಕಪ್ಪು. ಮೆಟೀರಿಯಲ್: ಅಲಾಯ್ ಸ್ಟೀಲ್. ಯಾರಿಗೆ: ಪುರುಷರಿಗೆ, ಮಹಿಳೆಯರಿಗೆ. ಇನ್ಯಾರು ಉಳಿದರೋ ಗೊತ್ತಿಲ್ಲ. ಎಲ್ಲಕ್ಕಿಂತ ಕೆಳಗೆ, ಯಾರ ಕಣ್ಣೂ ಬೀಳದ ಮೂಲೆಯಲ್ಲಿ: ವಸ್ತುವಿನ ತೂಕ 9 ಕೆ.ಜಿ.

ಮೂಗಿಗಿಂತ ಮೂಗುತಿ ಭಾರ ಅಂತ ಗಾದೆ ಕಟ್ಟಿದವರು ಈ ಬೆಂಚು ನೋಡಿರಲಿಲ್ಲ.

ಹೊರುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. 25 ಕೆ.ಜಿ.ಯ ಹನ್ನೆರಡು ಅಕ್ಕಿ ಮೂಟೆಗಳನ್ನು ಉಸಿರು ಬಿಗಿಹಿಡಿದು ಒಂದೊಂದಾಗಿ ಇಟ್ಟರೆ ಬೆಂಚು ನಿಂತರೂ ನಿಂತೀತು. ಆದರೆ ಅಕ್ಕಿ ಮೂಟೆ ಬೆಂಚ್ ಪ್ರೆಸ್ ಮಾಡುವುದಿಲ್ಲ. ತೊಡೆಯ ಮೇಲೆ ಡಂಬಲ್ ಇಟ್ಟುಕೊಂಡು ಧೊಪ್ಪೆಂದು ಹಿಂದಕ್ಕೆ ಒರಗುವುದಿಲ್ಲ. ಕೊನೆಯ ಸಲ ಕೈ ಸೋತು ಒಂದು ಪಕ್ಕಕ್ಕೆ ವಾಲುವುದಿಲ್ಲ. ಮನುಷ್ಯ ಇದನ್ನೆಲ್ಲ ಮಾಡುತ್ತಾನೆ. ಇಟ್ಟ ಭಾರ ಬೇರೆ, ಬಂದು ಬೀಳುವ ಭಾರ ಬೇರೆ.

ಇನ್ನೂ ಒಂದು ಮಜಾ ಇದೆ. ಆ 300ರಲ್ಲಿ ನಿಮ್ಮ ಮೈತೂಕ ಸೇರಿದೆಯೋ ಇಲ್ಲವೋ? ಬರೆದಿಲ್ಲ. ಬೆಂಚು ಮಟ್ಟಸವಾಗಿರುವಾಗಲೋ, ಬೆನ್ನು ಏರಿಸಿದಾಗಲೋ? ಬರೆದಿಲ್ಲ. ಬೆನ್ನು ಏರಿಸಿದ ಕೂಡಲೇ ಮೇಲಿನ ಭಾರದ ಬಹುಪಾಲು ಹೋಗಿ ಕೂರುವುದು ಹಿಂದಿನ ಒಂದು ಪಿನ್ನಿನ ಮೇಲೆ. ಅಗ್ಗದ ಬೆಂಚಿನಲ್ಲಿ ಆ ಪಿನ್ನು ಕಿರುಬೆರಳಿಗಿಂತ ಸಣ್ಣದು. ನಿಮ್ಮ ತಲೆ, ಕತ್ತು, ಕೈಯಲ್ಲಿರುವ ಎರಡು ಡಂಬಲ್, ಎಲ್ಲದರ ಜವಾಬ್ದಾರಿ ಅದರದ್ದು. ಅದರ ಅಳತೆ ಎಷ್ಟು? ಬರೆದಿಲ್ಲ.

ಇದಕ್ಕೆಲ್ಲ ಅಂತಾರಾಷ್ಟ್ರೀಯ ಮಾನದಂಡ ಇಲ್ಲವೇ ಅಂದರೆ, ಇದೆ. ಐಎಸ್‌ಒ 20957. ಅದರ ನಾಲ್ಕನೇ ಭಾಗ ಇರುವುದೇ ಇಂಥ ಬೆಂಚುಗಳಿಗಾಗಿ. ಮನೆಯ ಬಳಕೆಗೆ 'ಎಚ್' ಅಂತ ಪ್ರತ್ಯೇಕ ದರ್ಜೆಯನ್ನೂ ಮಾಡಿಟ್ಟಿದ್ದಾರೆ. ಐದು ಸಾವಿರದೊಳಗಿನ ಬೆಂಚಿನ ಮೇಲೆ ಆ ದರ್ಜೆ ನಮೂದಾಗಿದ್ದು ಕಂಡರೆ ದಯವಿಟ್ಟು ತಿಳಿಸಿ. ಅರಿಶಿನ ಕುಂಕುಮ ತಗೊಂಡು ಬರುತ್ತೇನೆ.

ಈಗ ಗಿರಾಕಿಯ ವಿಷಯಕ್ಕೆ ಬರೋಣ. ಅವನೇನು ಸಾಚಾ ಅಲ್ಲ.

ಗಿರಾಕಿಗೆ ಬೆಂಚು ಗಟ್ಟಿಯಾಗಿರಬೇಕು. ಹಗುರವಾಗಿರಬೇಕು. ಅಗ್ಗವಾಗಿರಬೇಕು. ಮಡಚಬೇಕು. ಮಡಚಿದ ಮೇಲೆ ಕಾಣಿಸಬಾರದು. ಈ ಕೊನೆಯದೇ ಅವನ ನಿಜವಾದ ಬೇಡಿಕೆ. ಉಳಿದ ನಾಲ್ಕು ಹೆಂಡತಿಗೆ ಹೇಳುವುದಕ್ಕೆ.

ಜಾಹೀರಾತು ಮಾಡುವವನಿಗೆ ಇದು ಚೆನ್ನಾಗಿ ಗೊತ್ತು. ವಿಡಿಯೋ ನೋಡಿ. ಒಬ್ಬಳು ನಗುತ್ತಾ ಬಂದು ಬೆಂಚನ್ನು ಮೂರು ಸೆಕೆಂಡಿನಲ್ಲಿ ಮಡಚಿ ಮಂಚದಡಿ ತಳ್ಳುತ್ತಾಳೆ. ಇನ್ನೊಬ್ಬ ಬಾಗಿಲ ಹಿಂದೆ ನಿಲ್ಲಿಸುತ್ತಾನೆ. ಮತ್ತೊಬ್ಬ ಕಾರಿನ ಡಿಕ್ಕಿಗೆ ಹಾಕುತ್ತಾನೆ. ಬೆಂಚು ತಗೊಂಡು ಕಾರಲ್ಲಿ ಎಲ್ಲಿಗೆ ಹೋಗುತ್ತಾನೋ! ಇಡೀ ವಿಡಿಯೋದಲ್ಲಿ ಭಾರ ಎತ್ತುವವನು ಒಬ್ಬನೂ ಇಲ್ಲ. ಇದ್ದರೂ ಅವನ ಕೈಯಲ್ಲಿರುವುದು ಎರಡು ಕೆ.ಜಿ.ಯ ಗುಲಾಬಿ ಬಣ್ಣದ ಡಂಬಲ್.

ಮಡಚುವ ಪ್ರತಿಯೊಂದು ಜಾಗದಲ್ಲೂ ಒಂದು ತೂತು, ಒಂದು ಬೋಲ್ಟು. ತೂತು ಇದ್ದಲ್ಲಿ ಸಡಿಲು. ಸಡಿಲು ಇದ್ದಲ್ಲಿ ಅಲುಗಾಟ. ದಿನ ಕಳೆದಂತೆ ತೂತು ದೊಡ್ಡದಾಗುತ್ತದೆ, ಬೋಲ್ಟು ಸಣ್ಣದಾಗುತ್ತದೆ. ಅದೇ ದುಡ್ಡಿಗೆ ಮಡಚದ, ಏರದ, ಇಳಿಯದ ನೇರ ಬೆಂಚು ತಗೊಂಡರೆ ಎರಡು ಪಟ್ಟು ಗಟ್ಟಿ ಸಿಗುತ್ತದೆ. ಜಿಮ್ ಸಾಮಾನಿನ ಅಂಗಡಿಯಲ್ಲಿ ಯಾವ ಹುಡುಗನನ್ನು ಕೇಳಿದರೂ ಹೇಳುತ್ತಾನೆ. ಮಾಲೀಕ ಊಟಕ್ಕೆ ಹೋಗಿದ್ದರೆ.

ಜಾಗ ಇಲ್ಲ ಸಾರ್ ಎನ್ನುತ್ತೀರಿ. ಎಷ್ಟು ಜಾಗ ಬೇಕು? ಅಂತಾರಾಷ್ಟ್ರೀಯ ಪವರ್‌ಲಿಫ್ಟಿಂಗ್ ಒಕ್ಕೂಟದ ನಿಯಮ ಪುಸ್ತಕದ ಪ್ರಕಾರ ಸ್ಪರ್ಧೆಯ ಬೆಂಚು ಕನಿಷ್ಠ 1.22 ಮೀಟರ್ ಉದ್ದ, 29ರಿಂದ 32 ಸೆಂಟಿಮೀಟರ್ ಅಗಲ, 42ರಿಂದ 45 ಸೆಂಟಿಮೀಟರ್ ಎತ್ತರ ಇರಬೇಕು. ಅಂದರೆ ನಾಲ್ಕಡಿ ಉದ್ದ, ಒಂದಡಿ ಅಗಲ. ವಿಶ್ವ ದಾಖಲೆಗಳು ಆಗುವುದು ಇಷ್ಟೇ ಜಾಗದಲ್ಲಿ. ನಿಮ್ಮ ಹಾಲ್‌ನಲ್ಲಿ ಏಳು ಜನ ಕೂರುವ ಸೋಫಾ ಇದೆ, ಕೂರುವವರು ಇಬ್ಬರು. ಎರಡನೇ ಮಗನ ಮೂರನೇ ಕ್ಲಾಸಿನ ಕಪ್ ಇಡುವುದಕ್ಕೆ ಗೋಡೆಗೆ ಗೋಡೆಯೇ ಶೋಕೇಸ್ ಇದೆ. ಒಂದಡಿ ಅಗಲದ ಬೆಂಚಿಗೆ ಮಾತ್ರ ಜಾಗ ಇಲ್ಲ.

ಬಾಡಿಗೆ ಮನೆಯಾದರೆ ಮಾಲೀಕರ ಪುರಾಣ ಬೇರೆ. 'ಮೇಲಿನ ಫ್ಲೋರಲ್ಲಿ ವೇಟ್ ಎಲ್ಲಾ ಇಡಬೇಡಿ, ಮೋಲ್ಡಿಂಗ್ ಬಿರುಕು ಬಿಡುತ್ತೆ.' ಇದನ್ನು ಹೇಳುವವರ ತಾರಸಿಯ ಮೇಲೆ ಸಾವಿರ ಲೀಟರಿನ ನೀರಿನ ಟ್ಯಾಂಕು ಎರಡು. ತುಂಬಿದರೆ ಎರಡು ಟನ್ನು. ಆ ಮೋಲ್ಡಿಂಗ್ ಬಿರುಕು ಬಿಡುವುದು ಬಾಡಿಗೆದಾರನ ಡಂಬಲ್‌ಗೆ ಮಾತ್ರ.

ಕಾಮಾಕ್ಷಿಪಾಳ್ಯದ ಒಂದು ಗ್ರಿಲ್ ಅಂಗಡಿಗೆ ಹೋಗಿದ್ದೆ. ಪಕ್ಕದ ಮನೆಯ ಹುಡುಗನ ಹೊಸ ಬೆಂಚಿನ ಸೀಟಿನ ಕೆಳಗೆ ವೆಲ್ಡಿಂಗ್ ಬಿಟ್ಟುಕೊಂಡಿತ್ತು. ಅದನ್ನು ಹೊತ್ತುಕೊಂಡು ಇಬ್ಬರೂ ಹೋದೆವು. ಹೊರುವುದೇನು, ಹುಡುಗ ಒಂದೇ ಕೈಯಲ್ಲಿ ಹಿಡಿದಿದ್ದ.

ಮೇಸ್ತ್ರಿ ಬೆಂಚನ್ನು ತಿರುಗಿಸಿ ಹಾಕಿದರು. ಸ್ಕ್ರೂಡ್ರೈವರ್ ತೂರಿಸಿ ಪೈಪಿನ ತುದಿಯ ಕಪ್ಪು ಪ್ಲಾಸ್ಟಿಕ್ ಬಿರಡೆ ಕಿತ್ತರು. ಒಳಗಿನ ಅಂಚಿನ ಮೇಲೆ ಉಗುರು ಆಡಿಸಿದರು.

'ಏನ್ ಸಾರ್ ಇದು, ತಗಡು?'

'ಮುನ್ನೂರು ಕೆ.ಜಿ. ತಡೆಯುತ್ತೆ ಅಂತ ಬರೆದಿದ್ದಾರೆ ಅಣ್ಣಾ' ಅಂದ ಹುಡುಗ.

'ಬರೆದಿದ್ದಾರಲ್ಲಪ್ಪ, ಕೂತಿದ್ದಾರಾ?'

ಇದಕ್ಕಿಂತ ಒಳ್ಳೆಯ ಗುಣಮಟ್ಟ ಪರೀಕ್ಷೆ ನನಗೆ ಗೊತ್ತಿಲ್ಲ. ಮೇಸ್ತ್ರಿ ಮುಂದುವರಿಸಿದರು. 'ಇದರಲ್ಲಿ ನಾವು ಕಿಟಕಿ ಗ್ರಿಲ್ಲೂ ಮಾಡಲ್ಲ. ರಾಡ್ ಇಟ್ರೆ ತೂತು ಬೀಳುತ್ತೆ. ಅದಕ್ಕೇ ಅವನು ಅಲ್ಲಲ್ಲಿ ಚುಕ್ಕಿ ಇಟ್ಟು ಬಿಟ್ಟಿದ್ದಾನೆ ನೋಡಿ.' ಪೇಂಟಿನಡಿ ನೋಡಿದೆವು. ಚುಕ್ಕಿಗಳೇ. ರಂಗೋಲಿಗೆ ಇಟ್ಟು, ಗೆರೆ ಎಳೆಯುವುದನ್ನು ಮರೆತಿದ್ದರು.

ಗ್ರಿಲ್ ಅಂಗಡಿಯವರು ಕಬ್ಬಿಣವನ್ನು ಮಾತಿನಲ್ಲಿ ಅಳೆಯುವುದಿಲ್ಲ. ಗೇಜಿನಲ್ಲಿ, ಕೆ.ಜಿ.ಯಲ್ಲಿ ಅಳೆಯುತ್ತಾರೆ. ಗೇಜಿನ ಲೆಕ್ಕ ತಲೆಕೆಳಗು. ಸಂಖ್ಯೆ ಏರಿದಂತೆ ತಗಡು ತೆಳ್ಳಗಾಗುತ್ತದೆ. 14 ಗೇಜ್ ಅಂದರೆ ಸುಮಾರು 2 ಮಿಲಿಮೀಟರ್, 16 ಅಂದರೆ 1.6, 18 ಅಂದರೆ 1.2. ಹಾಗಾಗಿ 'ಹೆವಿ ಡ್ಯೂಟಿ 18 ಗೇಜ್' ಅಂತ ಯಾರಾದರೂ ಎದೆಯುಬ್ಬಿಸಿ ಬರೆದಿದ್ದರೆ, ಅವರು ನಿಮ್ಮ ಅಜ್ಞಾನದ ಮೇಲೆ ಭಾರ ಹೊರಿಸಿದ್ದಾರೆ. ಅದಂತೂ ಎಷ್ಟು ಬೇಕಾದರೂ ಹೊರುತ್ತದೆ.

50 ಮಿಲಿಮೀಟರ್ ಚೌಕದ, 2 ಮಿಲಿಮೀಟರ್ ದಪ್ಪದ ಪೈಪು ಒಂದು ಮೀಟರಿಗೆ 3 ಕೆ.ಜಿ. ತೂಗುತ್ತದೆ. 40ರ ಚೌಕದ, 1.2 ದಪ್ಪದ್ದು ಅದರ ಅರ್ಧ. ಬೆಂಚಿಗೆ ನಾಲ್ಕು ಮೀಟರ್ ಪೈಪು ಹಿಡಿಯುತ್ತದೆ ಅಂದುಕೊಳ್ಳಿ. ಗಟ್ಟಿ ಪೈಪಾದರೆ ಕಬ್ಬಿಣವೇ 12 ಕೆ.ಜಿ. ಆಯಿತು. ಅದರ ಮೇಲೆ ಪ್ಲೈವುಡ್ಡು, ಫೋಮು, ರೆಕ್ಸಿನ್, ಬೋಲ್ಟು. ಎಲ್ಲ ಸೇರಿ 9 ಕೆ.ಜಿ. ಇರುವ ಬೆಂಚಿನಲ್ಲಿ ಯಾವ ಪೈಪು ಇದೆ ಅಂತ ತಿಳಿಯುವುದಕ್ಕೆ ಐಐಟಿ ಬೇಕಾಗಿಲ್ಲ. ಐದನೇ ಕ್ಲಾಸು ಸಾಕು. ಪುಟದ ಮೇಲ್ತುದಿಯ ಸುಳ್ಳನ್ನು ಅದೇ ಪುಟದ ಕೆಳತುದಿಯ ಸತ್ಯವೇ ಹಿಡಿದುಕೊಡುತ್ತದೆ. ಅದಕ್ಕೇ ಈಚೆಗೆ ಕೆಲವರು ಕೆಳಗಿನದನ್ನೂ ಬರೆಯುವುದು ಬಿಟ್ಟಿದ್ದಾರೆ.

ಮೆತ್ತೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೆಬ್ಬೆರಳು ಒತ್ತಿದರೆ ಪ್ಲೈವುಡ್ ಸಿಕ್ಕರೆ ಅದು ಮೆತ್ತೆಯಲ್ಲ. ಬೆನ್ನಿಗೂ ಸೀಟಿಗೂ ನಡುವೆ ಒಂದು ಕಂದರ ಬಿಟ್ಟಿರುತ್ತಾರೆ. ಸರಿಯಾಗಿ ನಿಮ್ಮ ಸೊಂಟ ಬರುವ ಜಾಗದಲ್ಲಿ. ಕೆಲವದರ ಎತ್ತರ ಎಷ್ಟೆಂದರೆ ಐದೂಕಾಲು ಅಡಿಯವನು ಮಲಗಿದರೆ ಪಾದ ನೆಲಕ್ಕೆ ತಾಗುವುದಿಲ್ಲ. ಕಾಲು ನೆಲಕ್ಕೂರದೆ ಎದೆಯ ಮೇಲೆ ಭಾರ ಎತ್ತುವುದು ವ್ಯಾಯಾಮವಲ್ಲ, ಸರ್ಕಸ್ಸು.

ಬೆಲೆ ನೋಡಿ. ಎಂಆರ್‌ಪಿ 14,999. ಅದರ ಮೇಲೆ ಅಡ್ಡಗೆರೆ. ಪಕ್ಕದಲ್ಲಿ 4,499. 70 ಪರ್ಸೆಂಟ್ ರಿಯಾಯಿತಿ! ಹದಿನೈದು ಸಾವಿರಕ್ಕೆ ಈ ಬೆಂಚನ್ನು ಭೂಮಿಯ ಮೇಲೆ ಯಾರಾದರೂ ಕೊಂಡಿದ್ದಾರೆಯೇ? ಎಂಆರ್‌ಪಿಗಿಂತ ಒಂದು ರೂಪಾಯಿ ಹೆಚ್ಚು ತೆಗೆದುಕೊಂಡರೆ ನಮ್ಮಲ್ಲಿ ಕೇಸು. ಎಂಆರ್‌ಪಿಯನ್ನೇ ಮೂರು ಪಟ್ಟು ಅಚ್ಚು ಹಾಕಿಸಿದರೆ ಕೇಳುವವರಿಲ್ಲ. ಬಾಗಿಲಿಗೆ ಬೀಗ, ಗೋಡೆಯೇ ಇಲ್ಲ.

'ಬೇಗ ಕೊಳ್ಳಿ, ಎರಡೇ ಉಳಿದಿವೆ.' ಯುಗಾದಿಗೆ ನೋಡಿದೆ, ಎರಡೇ ಉಳಿದಿದ್ದವು. ಗೌರಿ ಹಬ್ಬಕ್ಕೂ ಎರಡೇ. ದೀಪಾವಳಿಗೂ ಎರಡೇ. ಅಕ್ಷಯ ಬೆಂಚು. ಇದು ಸುಳ್ಳು ಅವಸರ, ಹೀಗೆ ಮಾಡುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದೇ ಮಾರ್ಗಸೂಚಿ ಹೊರಡಿಸಿದೆ. ಒಟ್ಟು 13 ಬಗೆಯ ಕಣ್ಕಟ್ಟುಗಳ ಪಟ್ಟಿ. ಮೊದಲನೆಯದೇ ಸುಳ್ಳು ಅವಸರ. ಮಾರುವವರೂ ಓದಿರಬೇಕು. ಪಟ್ಟಿ ನೋಡಿಕೊಂಡೇ ಒಂದೊಂದಾಗಿ ಮಾಡುತ್ತಿರುವಂತಿದೆ.

ಇನ್ನು ವಿಮರ್ಶೆಗಳು. 'ಈಗಷ್ಟೇ ಬಂತು, ಇನ್ನೂ ಓಪನ್ ಮಾಡಿಲ್ಲ, ಸೂಪರ್ ಕ್ವಾಲಿಟಿ.' ಐದು ಸ್ಟಾರ್. 'ಡೆಲಿವರಿ ಬಾಯ್ ತುಂಬಾ ಮರ್ಯಾದೆಯಾಗಿ ಮಾತಾಡಿದ್ರು.' ಐದು ಸ್ಟಾರ್. 'ನಮ್ಮ ತಮ್ಮನಿಗೆ ಗಿಫ್ಟ್ ಕೊಟ್ಟೆ, ಅವನು ಇನ್ನೂ ಏನೂ ಹೇಳಿಲ್ಲ.' ಐದು ಸ್ಟಾರ್. ತಮ್ಮ ಏನೂ ಹೇಳದಿರುವುದಕ್ಕೆ ಕಾರಣ ಇದ್ದೀತು. ಬಾಕ್ಸಿನೊಳಗೆ ಒಂದು ಚೀಟಿಯೂ ಇರುತ್ತದೆ: ಐದು ಸ್ಟಾರ್ ಕೊಟ್ಟು ಸ್ಕ್ರೀನ್‌ಶಾಟ್ ಕಳಿಸಿ, ನೂರು ರೂಪಾಯಿ ಪಡೆಯಿರಿ. ಆನ್‌ಲೈನ್ ವಿಮರ್ಶೆಗಳು ಹೇಗಿರಬೇಕು ಎಂದು ಭಾರತೀಯ ಮಾನಕ ಬ್ಯೂರೋ 2022ರಲ್ಲೇ ಐಎಸ್ 19000 ಅಂತ ಮಾನದಂಡ ಮಾಡಿದೆ. ಪಾಲಿಸುವುದು ಅವರವರ ಇಚ್ಛೆ. ಕಳ್ಳನಿಗೆ ಇಚ್ಛೆ ಇದ್ದರೆ ಬಾಗಿಲು ಬಡಿದು ಒಳಗೆ ಬರಲಿ ಎಂದ ಹಾಗಾಯಿತು.

ಬೆಂಚು ಒಂದೇ ಕೊಳ್ಳಲು ಬಿಡುವುದೂ ಇಲ್ಲ. ಕಾಂಬೋ! ಬೆಂಚಿನ ಜೊತೆ 20 ಕೆ.ಜಿ. ಪ್ಲೇಟು, ಎರಡು ರಾಡು, ಗ್ಲೋವ್ಸು, ಸ್ಕಿಪ್ಪಿಂಗ್ ಹಗ್ಗ, ಕೈ ಹಿಸುಕುವ ಗ್ರಿಪ್ಪರ್, ಒಂದು ಚೀಲ. ಮನೆಯಲ್ಲೇ ಮಾಡುವವನಿಗೆ ಚೀಲ ಯಾಕೆ? ಕೇಳಬಾರದು, ಉಚಿತ. ಪ್ಲೇಟಿನ ಮೇಲ್ಹೊದಿಕೆ ಪ್ಲಾಸ್ಟಿಕ್ಕು, ಒಳಗೆ ಸಿಮೆಂಟು. ಒಂದು ಸಲ ಕೈಜಾರಿ ಬಿದ್ದರೆ ಹಾಲ್‌ನಲ್ಲಿ ಗಾರೆ ಕೆಲಸ ಶುರು.

ಇಷ್ಟೆಲ್ಲ ಉಚಿತ ಕೊಟ್ಟವರು ಒಂದು ಎಚ್ಚರಿಕೆಯ ಮಾತನ್ನು ಮಾತ್ರ ಕೊಡುವುದಿಲ್ಲ. ಒಬ್ಬನೇ ಇರುವಾಗ ಉದ್ದ ರಾಡು ಹಿಡಿದು ಮಲಗಬೇಡ, ಎತ್ತಲಾಗದಿದ್ದರೆ ಅದು ಬಂದು ಕೂರುವುದು ಕತ್ತಿನ ಮೇಲೆ. ಡಂಬಲ್ ಆದರೆ ಪಕ್ಕಕ್ಕೆ ಬಿಡಬಹುದು. ಸ್ಟ್ಯಾಂಡ್ ಮೇಲಿರುವ ರಾಡಿನ ಒಂದೇ ಕಡೆಯ ಪ್ಲೇಟುಗಳನ್ನೆಲ್ಲ ಬಿಚ್ಚಬೇಡ, ಇನ್ನೊಂದು ಕಡೆ ಮಗುಚಿ ಮುಖಕ್ಕೆ ಬಡಿಯುತ್ತದೆ. ಎರಡು ಸಾಲು. ಪೆಟ್ಟಿಗೆಯ ಮೇಲೆ ಜಾಗವಿಲ್ಲ. ಅಲ್ಲಿ ಸಿಕ್ಸ್ ಪ್ಯಾಕ್ ಇರುವ ವಿದೇಶಿಯೊಬ್ಬನ ಚಿತ್ರ ಹಾಕಬೇಕು.

ಮಾರುವವರನ್ನೇ ಬೈದು ಮುಗಿಸಿದರೆ ಸರ್ಕಾರಕ್ಕೆ ಬೇಜಾರಾದೀತು.

2019ರ ಆಗಸ್ಟ್ 29, ರಾಷ್ಟ್ರೀಯ ಕ್ರೀಡಾ ದಿನ. ದೆಹಲಿಯಲ್ಲಿ ಫಿಟ್ ಇಂಡಿಯಾ ಆಂದೋಲನಕ್ಕೆ ಪ್ರಧಾನಿಯವರೇ ಚಾಲನೆ ಕೊಟ್ಟರು. ಎಲ್ಲರೂ ಮೈ ಬಗ್ಗಿಸಿ ಎಂದರು. ಒಳ್ಳೆಯದು. ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಮಾಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಅಜ್ಜಿ ತಾತಂದಿರಿಗೂ ಸೇರಿಸಿ. ಸರಿ, ಬಗ್ಗಿಸೋಣ ಅಂತ ಹೊರಟರೆ ಎದುರಿಗೆ ಜಿಎಸ್‌ಟಿ.

2025ರ ಸೆಪ್ಟೆಂಬರ್ 22ರಿಂದ ದರಗಳನ್ನು ಇಳಿಸಿದರು. ಕ್ರಿಕೆಟ್ ಬ್ಯಾಟು 5 ಪರ್ಸೆಂಟ್. ಕೇರಂ ಬೋರ್ಡು 5. ಇಸ್ಪೀಟು ಎಲೆ 5. ಜಿಮ್ ಸದಸ್ಯತ್ವವೂ 18ರಿಂದ 5ಕ್ಕೆ ಇಳಿಯಿತು. ಕ್ರೀಡಾ ಸಾಮಗ್ರಿಗೆಲ್ಲ 5 ಅಂತ ಬರೆಯುವಾಗ ಒಂದು ಬಾಲ ಸೇರಿಸಿದರು: ಸಾಮಾನ್ಯ ವ್ಯಾಯಾಮದ ಸಲಕರಣೆಗಳನ್ನು ಹೊರತುಪಡಿಸಿ. ಅವು 18ರಲ್ಲೇ ಉಳಿದವು.

ಇನ್ನೊಮ್ಮೆ ಓದಿ. ಅರಳಿಕಟ್ಟೆಯಲ್ಲಿ ಕೂತು ಇಸ್ಪೀಟು ಆಡಿದರೆ 5. ಹವಾನಿಯಂತ್ರಿತ ಜಿಮ್‌ನಲ್ಲಿ ಭಾರ ಎತ್ತಿದರೆ 5. ಜಿಮ್‌ಗೆ ತಿಂಗಳು ತಿಂಗಳು ಕಟ್ಟಲಾಗದವನು ಮನೆಯಲ್ಲೇ ಎತ್ತೋಣ ಅಂದರೆ 18. ನಾಲ್ಕೂವರೆ ಸಾವಿರದ ಬೆಂಚಿನಲ್ಲಿ ಸುಮಾರು 686 ರೂಪಾಯಿ ಸರ್ಕಾರದ್ದು. ಆ ದುಡ್ಡಿಗೆ ಪೈಪು ಅರ್ಧ ಮಿಲಿಮೀಟರ್ ದಪ್ಪವಾಗುತ್ತಿತ್ತು. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ.

ನಮ್ಮವರಿಗೆ ಭಾರ ಎತ್ತುವುದು ಹೊಸದೇನಲ್ಲ. ಬಾಗಲಕೋಟೆ, ವಿಜಯಪುರ ಕಡೆಯ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಹುಡುಗರನ್ನು ಈಗಲೂ ನೋಡಬಹುದು. ಆ ಕಲ್ಲಿಗೆ ಎಂಆರ್‌ಪಿ ಇಲ್ಲ. ಅದು ಮಡಚುವುದೂ ಇಲ್ಲ. ಎಷ್ಟು ತೂಕ ಅಂತ ಊರಿಗೇ ಗೊತ್ತು. ಮೈಸೂರಿನ ಗರಡಿಮನೆಗಳಲ್ಲಿ ಮಣ್ಣಿದೆ, ಗದೆಯಿದೆ, ದಂಡ ಬಸ್ಕಿ ಹೊಡೆಯುವುದಕ್ಕೆ ನೆಲವಿದೆ. ದಸರಾ ಬಂದಾಗ ಅಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವ ಮುಖಂಡರು ಮರುದಿನ ಸೂರು ಸೋರುವುದನ್ನು ನೋಡಲು ಬರುವುದಿಲ್ಲ. ಅದು ಬೇರೆ ಕಥೆ. ಇನ್ನೊಂದು ದಿನ ಬೈಯೋಣ.

ಕೊಳ್ಳಬೇಡಿ ಅಂತ ನಾನು ಹೇಳುವುದಿಲ್ಲ. ಕೊಳ್ಳಿ. ಆದರೆ 300ರ ಅಂಕಿ ಇರುವ ಜಾಗವನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡು ಓದಿ. ಪೈಪು ಎಷ್ಟು ಮಿಲಿಮೀಟರ್ ದಪ್ಪ, ಬೆಂಚಿನ ಸ್ವಂತ ತೂಕ ಎಷ್ಟು, ಬೆನ್ನು ಏರಿಸಿದಾಗ ಎಷ್ಟು ಹೊರುತ್ತದೆ ಅಂತ ಮಾರುವವನಿಗೆ ಲಿಖಿತವಾಗಿ ಕೇಳಿ. ಉತ್ತರದ ಬದಲು ನಗುಮುಖದ ಇಮೋಜಿ ಬಂದರೆ ಮುಂದಿನ ಅಂಗಡಿಗೆ ನಡೆಯಿರಿ. ಅಂಗಡಿಯಲ್ಲೇ ಕೊಳ್ಳುವುದಾದರೆ ಕೂತು ನೋಡಬೇಡಿ, ಮಲಗಿ ನೋಡಿ. ಪಕ್ಕಕ್ಕೆ ಅಲುಗಾಡಿಸಿ ನೋಡಿ. ತುದಿಯ ಪ್ಲಾಸ್ಟಿಕ್ ಬಿರಡೆ ಕೀಳಿ. ಅಂಗಡಿಯವನು ಕೀಳಬೇಡಿ ಅಂದರೆ ನಿಮಗೆ ಉತ್ತರ ಸಿಕ್ಕಿತು. ಪುಟದಲ್ಲಿ ಒಂದು ಬರೆದು ಮನೆಗೆ ಇನ್ನೊಂದು ಕಳಿಸಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ದೂರು ಕೊಡಿ. ಅಲ್ಲಿಯವರೆಗೆ ರಟ್ಟಿನ ಬಾಕ್ಸನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಬೆಂಚು ಮುರಿದಿದ್ದರೆ ಫೋಟೋ ಸಾಕು ಎನ್ನುತ್ತಾರೆ. ಬಾಕ್ಸ್ ಹರಿದಿದ್ದರೆ ವಾಪಸ್ ತೆಗೆದುಕೊಳ್ಳುವುದಿಲ್ಲ.